1969ರ ಲೇಬಲ್ ಇರುವ ಜಂಗಲ್ ಜಾಕೆಟ್‌ಗೆ ಭುಜಪಟ್ಟಿ: ಅಸಲಿಯೋ, ಆಮೇಲೆ ಸೇರಿಸಿದ್ದೋ?

ಶಿರಾಗೇಟ್, ತುಮಕೂರು
ವಿಯೆಟ್ನಾಂ ಯುದ್ಧಕಾಲದ ಅಮೆರಿಕನ್ ಜಂಗಲ್ ಜಾಕೆಟ್ ಒಂದು ಮಾರಾಟಕ್ಕಿದೆ. ಮಾರುವವರು ಬೆಂಗಳೂರಿನಲ್ಲೇ ಇದ್ದಾರೆ, ಕೈಯಲ್ಲಿ ಹಿಡಿದು ನೋಡಬಹುದು. ಫೋಟೋದಲ್ಲಿ ಕಾಣುವುದಿಷ್ಟು: ಲೇಬಲ್‌ನಲ್ಲಿ ಡಿಎಸ್ಎ 100-69-ಸಿ ಎಂದು ಶುರುವಾಗುವ ಸಂಖ್ಯೆ, ಸಣ್ಣ ಚೌಕುಳಿಯ ರಿಪ್‌ಸ್ಟಾಪ್ (ಹರಿತ ಹರಡದಂತೆ ನೇಯ್ದ) ಬಟ್ಟೆ, ಮುಚ್ಚಿದ ಗುಂಡಿಗಳು, ಎರಡೂ ಹೆಗಲ ಮೇಲೆ ಪಟ್ಟಿ. ಆ ಪಟ್ಟಿಯ ಮೇಲೇ ನನಗೆ ಅನುಮಾನ. ಎಲ್ಲೆಲ್ಲಿ ಪರೀಕ್ಷಿಸಬೇಕು? ಕೊಂಡರೆ ನಮ್ಮ ಕಡೆಯ ಧೂಳು, ಬಿಸಿಲಿನಲ್ಲಿ ಹೇಗೆ ಇಡಬೇಕು?

ಗಣಿಊರು, ಕೆಜಿಎಫ್
ಅನುಮಾನ ಸರಿಯಾಗಿಯೇ ಇದೆ ಸರ್. ಈ ಜಾಕೆಟ್‌ನಲ್ಲಿ ಮೂರು ಮಾದರಿ. 1963ರ ಸುಮಾರಿನ ಮೊದಲನೆಯದರಲ್ಲಿ ಜೇಬಿನ ಗುಂಡಿಗಳು ಹೊರಗೇ ಕಾಣುತ್ತವೆ. ಅವು ಬಳ್ಳಿ, ಮುಳ್ಳಿಗೆ ಸಿಕ್ಕಿಕೊಳ್ಳುತ್ತಿದ್ದವು. ಎರಡನೆಯದರಲ್ಲಿ ಗುಂಡಿ ಮುಚ್ಚಿದರು, ಭುಜಪಟ್ಟಿ ಮತ್ತು ಎದೆಯ ಸೀಳಿನ ಹಿಂದಿನ, ವಿಷಾನಿಲ ತಡೆಯುವ ಬಟ್ಟೆಯ ಮಡಿಕೆ ಉಳಿದವು. ಮೂರನೆಯದರಲ್ಲಿ ಅವೆರಡೂ ಹೋದವು. ರಿಪ್‌ಸ್ಟಾಪ್ ಬಂದದ್ದು ಆಮೇಲೆ, 1967-68ರ ಹೊತ್ತಿಗೆ. ಅದಕ್ಕೆ ಮೊದಲು ಸಾದಾ ಪಾಪ್ಲಿನ್. ಅಂದರೆ ಬಟ್ಟೆ ಮತ್ತು ಲೇಬಲ್ ಒಂದಕ್ಕೊಂದು ಹೊಂದುತ್ತವೆ, ಭುಜಪಟ್ಟಿ ಎರಡಕ್ಕೂ ಹೊಂದುವುದಿಲ್ಲ.

ಡಿಎಸ್ಎ ಅಂದರೆ ಅಮೆರಿಕನ್ ಸೇನೆಗೆ ಸಾಮಾನು ಕೊಳ್ಳುತ್ತಿದ್ದ ಸಂಸ್ಥೆ. 69 ಅನ್ನುವುದು ಅಮೆರಿಕ ಸರ್ಕಾರದ ಹಣಕಾಸು ವರ್ಷ. ಆಗ ಅದು ಜುಲೈ 1968ರಿಂದ ಜೂನ್ 1969ರವರೆಗೆ. ಅದು ಗುತ್ತಿಗೆಯ ವರ್ಷವೇ ಹೊರತು ಹೊಲಿದ ದಿನವಲ್ಲ. ಡಿಎಲ್ಎ ಎಂದಿದ್ದರೆ ಮುಟ್ಟಲೇಬೇಡಿ, ಅದೇ ಸಂಸ್ಥೆಗೆ ಆ ಹೆಸರು ಬಂದದ್ದು 1977ರಲ್ಲಿ.

ಮೊದಲು ಎದೆಯ ಗುಂಡಿಗಳನ್ನು ಬಿಚ್ಚಿ ಅನಿಲದ ಮಡಿಕೆ ಇದೆಯಾ ನೋಡಿ. ಇದ್ದರೆ ಎರಡು ಮಾದರಿ ಬೆರೆಸಿ ಇತ್ತೀಚೆಗೆ ಹೊಲಿದ ಪ್ರತಿ ಅಂತಲೇ ಹಿಡಿಯಬೇಕು, ಯಾಕಂದ್ರೆ ರಿಪೇರಿ ನೆಪದಲ್ಲಿ ಯಾರೂ ಮಡಿಕೆ ಸೇರಿಸುವುದಿಲ್ಲ. ಮಡಿಕೆ ಇಲ್ಲದೆ ಪಟ್ಟಿ ಮಾತ್ರ ಇದ್ದರೆ, ಅದನ್ನು ಎತ್ತಿ ಅಡಿಯ ಬಣ್ಣ ನೋಡಿ. ಮೊದಲಿನಿಂದ ಇದ್ದ ಪಟ್ಟಿಯ ಅಡಿ ಬಟ್ಟೆ ಕಡು ಹಸಿರಾಗಿ ಉಳಿದಿರುತ್ತದೆ. ಅಡಿಯೂ ಅಕ್ಕಪಕ್ಕದಷ್ಟೇ ಮಾಸಿದ್ದರೆ ಆಮೇಲೆ ಹೊಲಿದದ್ದು.

ಲೇಬಲ್ ಹಿಂದೆ ಮೊಬೈಲ್ ಟಾರ್ಚ್ ಹಿಡಿಯಿರಿ. ಸೂಜಿ ತೂತು ಒಂದೇ ಸಾಲಿನಲ್ಲಿರಬೇಕು. ಎರಡು ಸಾಲು ಕಂಡರೆ ಲೇಬಲ್ ಬಿಚ್ಚಿ ಮತ್ತೆ ಹೊಲಿದಿದ್ದಾರೆ. ಹರಿದ ಅಸಲಿ ಜಾಕೆಟ್‌ನ ಲೇಬಲ್ ಕಿತ್ತು ಬೇರೆಯದಕ್ಕೆ ಹಾಕುವುದು ಈ ವ್ಯಾಪಾರದ ಹಳೇ ಚಾಳಿ.

ನಂದಿತಪ್ಪಲು, ಚಿಕ್ಕಬಳ್ಳಾಪುರ
ಇದರ ಜೊತೆಗೆ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಒಯ್ಯಿರಿ. ನೋಟು ಪರೀಕ್ಷಿಸುವ ಅಗ್ಗದ್ದು ಹೆಚ್ಚಾಗಿ 395 ನ್ಯಾನೋಮೀಟರ್, ಅದರ ನೇರಳೆ ಬೆಳಕೇ ಎಲ್ಲವನ್ನೂ ಮುಚ್ಚಿಬಿಡುತ್ತದೆ, 365ರದ್ದು ಬೇಕು. ಕತ್ತಲಲ್ಲಿ ಹೊಲಿಗೆ ದಾರ ನೀಲಿ-ಬಿಳಿಯಾಗಿ ಹೊಳೆದರೆ ಹೊಸ ದಾರ ಇರಬಹುದು. ಆದರೆ ಈಗಿನ ಸೋಪಿನ ಪುಡಿಯಲ್ಲಿ ಒಗೆದ ಹಳೇ ಬಟ್ಟೆಯೂ ಹೊಳೆಯುತ್ತದೆ. ಇಡೀ ಜಾಕೆಟ್ ಒಂದೇ ಸಮ ಹೊಳೆದರೆ ಅದು ಸೋಪಿನ ಗುರುತು, ಭುಜಪಟ್ಟಿಯ ದಾರ ಮಾತ್ರ ಹೊಳೆದರೆ ಉತ್ತರ ಸಿಕ್ಕಿದ ಹಾಗೆ.

ಶಿರಾಗೇಟ್, ತುಮಕೂರು
ಮಡಿಕೆ ಇಲ್ಲವಂತೆ. ಪಟ್ಟಿಯನ್ನು ಆಗಿನ ದಕ್ಷಿಣ ವಿಯೆಟ್ನಾಂ ರಾಜಧಾನಿ ಸೈಗಾನ್‌ನ ದರ್ಜಿಯೇ ಹಾಕಿಕೊಟ್ಟದ್ದು ಅಂತ ಮಾರುವವರು ಹೇಳುತ್ತಿದ್ದಾರೆ.

ಗಣಿಊರು, ಕೆಜಿಎಫ್
ಅಲ್ಲಿನ ದರ್ಜಿಗಳು ಬ್ಯಾಡ್ಜ್, ಹೆಸರಿನ ಪಟ್ಟಿ ಹೊಲಿದದ್ದು ನಿಜ, ಅಳತೆಯನ್ನೂ ಕಿರಿದು ಮಾಡಿಕೊಡುತ್ತಿದ್ದರು. ಆದರೆ ಬಾಯಿಮಾತಿಗೆ ದುಡ್ಡು ಕೊಡಬೇಡಿ. ದಾರ, ಮಾಸಿದ ಬಣ್ಣ, ತೂತು ಮೂರೂ ಒಂದೇ ಮಾತು ಹೇಳಿದರೆ ಮಾತ್ರ ಒಪ್ಪಿ, ಇಲ್ಲದಿದ್ದರೆ ತಿದ್ದಿದ ಮೂರನೇ ಮಾದರಿ ಅಂತ ಬೆಲೆ ಇಳಿಸಿ ಕೇಳಿ. ಕೊಂಡ ಮೇಲೆ ಪಟ್ಟಿ ಕೀಳಬೇಡಿ. ತೂತು ಹಾಗೇ ಉಳಿಯುತ್ತದೆ, ಸಾಕ್ಷಿ ಮಾತ್ರ ಹೋಗುತ್ತದೆ.

ಕೆರೆಏರಿ, ಕೋಲಾರ
ಇಡುವ ವಿಚಾರ ನಾನು ಹೇಳ್ತೀನಿ. ಒಗೆಯಬೇಡಿ, ಲೇಬಲ್‌ನ ಶಾಯಿ ಹೋದರೆ ಅರ್ಧ ಬೆಲೆ ಹೋಯಿತು. ಧೂಳಿಗೆ ಸೊಳ್ಳೆಪರದೆಯ ತುಂಡು ಹಾಸಿ, ವ್ಯಾಕ್ಯೂಮ್ ಕ್ಲೀನರನ್ನು ಕಡಿಮೆ ಎಳೆತದಲ್ಲಿಟ್ಟು ಪರದೆಯ ಮೇಲಿಂದ ಎಳೆಯಿರಿ.

ಹುಳದ ಅನುಮಾನವಿದ್ದರೆ ಪಾಲಿಥಿನ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ತಣ್ಣನೆಯ ಬಟ್ಟೆಯ ಮೇಲೆ ನೀರು ಕೂರುತ್ತದೆ. ಟ್ರಂಕಿನ ಕಬ್ಬಿಣ ಬಟ್ಟೆಗೆ ತಾಗದಂತೆ ಗಂಜಿ ಹೋಗುವಷ್ಟು ಒಗೆದ ಕೋರಾ ಬಟ್ಟೆ ಹಾಸಿ; ಗಂಜಿ ಉಳಿದರೆ ಬೆಳ್ಳಿಮೀನಿನಂಥ ಹುಳಕ್ಕೆ ಊಟ ಹಾಕಿದಂತೆ. ಜಾಕೆಟ್ ಮಡಿಸಿದ ಕಡೆಯೆಲ್ಲ ಸುತ್ತಿದ ಬಟ್ಟೆ ಇಟ್ಟು ಮೂರು ತಿಂಗಳಿಗೊಮ್ಮೆ ಮಡಿಸುವ ಜಾಗ ಬದಲಿಸಿ. ತಂತಿ ಹ್ಯಾಂಗರ್ ಬೇಡ. ಏಪ್ರಿಲ್ ಬಿಸಿಲಿಗೆ ಕಾಯುವ ಅಟ್ಟ ಖಂಡಿತ ಬೇಡ, ಮುಂದೆ ನಿಮ್ಮ ಸಂಗ್ರಹಕ್ಕೆ ಪಾಂಚೊ (ಮಳೆಗೆ ಹೊದೆಯುವ ಹೊದಿಕೆ), ಪ್ಲಾಸ್ಟಿಕ್ ನೀರಿನ ಬಾಟಲಿ ಸೇರಿದರೆ ಅವು ಅಂಟಂಟಾಗುತ್ತವೆ. ಅಂಥವುಗಳ ಹತ್ತಿರ ನುಸಿಗುಳಿಗೆಯನ್ನೂ ಇಡಬೇಡಿ.

ಬೆಲ್ಟಿನ ಹಿತ್ತಾಳೆ ಬಕಲ್‌ಗೆ ಹುಣಸೆಹಣ್ಣು ತಿಕ್ಕುವ ಅಭ್ಯಾಸ ನಮ್ಮ ಮನೆಗಳಲ್ಲಿದೆ. ಇಲ್ಲಿ ಬೇಡವೇ ಬೇಡ. ಆ ಹುಳಿ ಮೇಲಿನ ಕಪ್ಪು ಬಣ್ಣವನ್ನೇ ತಿಂದುಹಾಕುತ್ತದೆ. ಬೆಲ್ಟಿನ ಚರ್ಮ ತಾಗುವಲ್ಲಿ ಹಸಿರು ಮೇಣದಂತೆ ಕಟ್ಟಿದ್ದರೆ ಬಿದಿರು ಕಡ್ಡಿಯಿಂದ ಕೆರೆದು ತೆಗೆದರೆ ಸಾಕು.

ನಂದಿತಪ್ಪಲು, ಚಿಕ್ಕಬಳ್ಳಾಪುರ
ಇನ್ನೊಂದು ಮಾತು. ಇಂಡೋಚೀನಾ ಅಂದರೆ ಬರೀ ಅಮೆರಿಕನ್ ಸಾಮಾನಲ್ಲ. 1954ರ ಜಿನೀವಾ ಒಪ್ಪಂದದ ನಂತರ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾಗಳ ಮೇಲ್ವಿಚಾರಣಾ ಆಯೋಗಗಳಿಗೆ ಭಾರತವೇ ಅಧ್ಯಕ್ಷ, ಕೆನಡಾ ಮತ್ತು ಪೋಲೆಂಡ್ ಸದಸ್ಯರು. ನಮ್ಮ ಸೈನಿಕರೂ ಅಲ್ಲಿಗೆ ಹೋಗಿದ್ದರು. ಅವರಿಗೆ ಕೊಟ್ಟ ಆಯೋಗದ ಪದಕದ ರಿಬ್ಬನ್ ಹಸಿರು, ಬಿಳಿ, ಕೆಂಪು. ಹಿಂಬದಿಯಲ್ಲಿ ಇಂಡೋಚೀನಾದ ನಕ್ಷೆ. ಇಂಥದ್ದು ದೇಶದೊಳಗೇ ಸಿಗುತ್ತದೆ, ಕಸ್ಟಮ್ಸ್ ಗೊಡವೆ ಇಲ್ಲ. ಹೊರದೇಶದಿಂದ ತೊಟ್ಟ ಬಟ್ಟೆ ತರಿಸುವುದಕ್ಕೆ ನಿರ್ಬಂಧವಿದೆ, ಪಾರ್ಸೆಲ್ ತಡೆಹಿಡಿದರೆ ಕೊಟ್ಟ ದುಡ್ಡೂ ಸಿಕ್ಕಿಕೊಳ್ಳುತ್ತದೆ. ಬಯೊನೆಟ್ (ಬಂದೂಕಿನ ತುದಿಗೆ ಸಿಕ್ಕಿಸುವ ಕತ್ತಿ) ಕೊಳ್ಳುವ ಮೊದಲು ಅಲಗು ಅಳೆಯಿರಿ: 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಶಸ್ತ್ರಾಸ್ತ್ರ ನಿಯಮದೊಳಗೆ ಬರುತ್ತದೆ.