ಅಪ್ಪಯ್ಯಂಗೆ ಬಿಪಿ 158/96, ಕೇಳಿದ್ರೆ 'ನಂಗೇನಾಗಿಲ್ಲ' ಅಂತಾರೆ

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ, ಅಡಿಕೆ ತೋಟ. ಅಪ್ಪಯ್ಯಂಗೆ 57 ವರ್ಷ. ಹೋದ ವಾರ ಊರ ಶಾಲೇಲಿ ತಪಾಸಣಾ ಕ್ಯಾಂಪ್ ಇತ್ತು, ಬಿಪಿ 158/96 ಬಂತು. ಅವರು 'ತಲೆ ಸುತ್ತಲ್ಲ, ಸುಸ್ತಿಲ್ಲ, ನಂಗೆಂಥ ಬಿಪಿ' ಅಂತ ನಗ್ತಾರೆ. ಕವಳಕ್ಕೆ, ಅಂದ್ರೆ ಎಲೆ-ಅಡಿಕೆಗೆ, ಹೊಗೆಸೊಪ್ಪು ಬೇಕೇ ಬೇಕು. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗ್ತಾರೆ. ಅಜ್ಜನಿಗೆ ಲಕ್ವ ಹೊಡೆದಿತ್ತು. ಏನು ಮಾಡೋದು?

ಉತ್ತರ: ತಲೆ ಸುತ್ತದೇ ಇರೋದೇ ಬಿಪಿಯ ಸ್ವಭಾವ ಕಣಮ್ಮ. ಎಷ್ಟೋ ಜನಕ್ಕೆ ವರ್ಷಗಟ್ಟಲೆ ಏನೂ ಗೊತ್ತಾಗಲ್ಲ. ಒಳಗೆ ಹೃದಯ, ಕಿಡ್ನಿ, ಕಣ್ಣು, ಮಿದುಳಿನ ರಕ್ತನಾಳ ಸವೀತಾ ಇರುತ್ತೆ. ಹಾಗಂತ ಒಂದು ಸಲದ ಅಳತೆ ನಂಬಿ ಹೆದರೋದೂ ಬೇಡ. ಬೇರೆ ಬೇರೆ ದಿನ ಆಸ್ಪತ್ರೇಲಿ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಮೇಲಿದ್ರೆ ಬಿಪಿ ಅಂತ ಲೆಕ್ಕ. ಮನೇಲಿ ನೋಡಿದ್ರೆ ಆ ಗೆರೆ 135/85.

ಕ್ಯಾಂಪಿನ ಸಾಲಲ್ಲಿ ನಿಂತಾಗ ಅಪ್ಪಯ್ಯನ ಬಾಯಲ್ಲಿ ಕವಳ ಇತ್ತಾ? ಕೇಳಿ ನೋಡಿ. ಹೊಗೆಸೊಪ್ಪು ಆ ಹೊತ್ತಿಗೆ ಬಿಪಿ ಏರಿಸುತ್ತೆ. ಅಳೆಯೋಕೆ ಅರ್ಧ ಗಂಟೆ ಮೊದಲಿಂದ ಕವಳ, ಕಾಫಿ ಎರಡೂ ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಒರಗು ಕೊಟ್ಟು, ಐದು ನಿಮಿಷ ಸುಮ್ಮನೆ ಕೂರಬೇಕು. ಕೈ ಎದೆ ಮಟ್ಟಕ್ಕೆ ಮೇಜಿನ ಮೇಲೆ. ಪಟ್ಟಿ ಬರೀ ತೋಳಿಗೆ ಸುತ್ತಿ, ಅಂಗಿ ಮೇಲಲ್ಲ. ಆ ಹೊತ್ತಲ್ಲಿ ಅಡಿಕೆ ರೇಟಿನ ಮಾತೂ ಬೇಡ!

ನನಗೆ ಹೆಚ್ಚು ಅನುಮಾನ ಆ ಮಂಡಿನೋವಿನ ಮಾತ್ರೆ ಮೇಲೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯವು ಉಪ್ಪು, ನೀರನ್ನ ಮೈಯಲ್ಲೇ ಹಿಡಿದಿಟ್ಟು ಬಿಪಿ ಏರಿಸ್ತವೆ, ಕಿಡ್ನಿಗೂ ಒಳ್ಳೇದಲ್ಲ. ಖಾಲಿ ಸ್ಟ್ರಿಪ್ ಎಸೀಬೇಡಿ, ಡಾಕ್ಟರಿಗೆ ತೋರಿಸಿ. ಅಜ್ಜನ ಲಕ್ವದ ವಿಷಯಾನೂ ಹೇಳಿ. ವಂಶ, ವಯಸ್ಸು ಬದಲಿಸೋಕಾಗಲ್ಲ, ತೂಕ, ಕುಡಿತ, ಹೊಗೆಸೊಪ್ಪು, ಉಪ್ಪು ನಮ್ಮ ಕೈಲಿವೆ.

ಸದಸ್ಯರೊಬ್ಬರು: ನಾವು ಸೈಂಧವ ಲವಣಕ್ಕೆ ಬದಲಾಯಿಸಿದೀವಿ, ಅದು ನಡೆಯುತ್ತಲ್ವಾ ಸರ್?

ಉತ್ತರ: ಅದೂ ಹೆಚ್ಚುಕಡಿಮೆ ಸೋಡಿಯಂ ಕ್ಲೋರೈಡೇ. ಹೆಸರು ಬೇರೆ ಅಷ್ಟೆ. ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ, ಅಂದ್ರೆ ಎಲ್ಲಾ ಸೇರಿ ಒಂದು ಟೀ ಚಮಚದೊಳಗೆ. ಮಲೆನಾಡಲ್ಲಿ ಗಂಜಿಗೆ ಮಿಡಿ ಉಪ್ಪಿನಕಾಯಿ, ಬಾಳಕ, ಹಪ್ಪಳ ಅಂತ ಆ ಚಮಚ ಮಧ್ಯಾಹ್ನಕ್ಕೇ ಖಾಲಿ. ಮಿಡಿ ಬಿಡಿ ಅಂದ್ರೆ ಯಾರೂ ಕೇಳಲ್ಲ, ನಾನೂ ಬಿಟ್ಟಿಲ್ಲ. ದಿನಾ ಬೇಡ ಅಂತೀನಿ. ಸೋಡಿಯಂ ಕಡಿಮೆ ಅಂತ ಮಾರೋ ಉಪ್ಪಲ್ಲಿ ಪೊಟ್ಯಾಸಿಯಂ ಇರುತ್ತೆ, ಕಿಡ್ನಿ ತೊಂದರೆ ಇರೋರು ಕೇಳದೆ ಬಳಸಬೇಡಿ.

ಇನ್ನೊಬ್ಬರು: ಮಾತ್ರೆ ತಗೊಂಡು ನನ್ನ ಬಿಪಿ 126/80ಕ್ಕೆ ಬಂತು. ಇನ್ನು ನಿಲ್ಲಿಸಬಹುದಾ?

ಉತ್ತರ: ಮಾತ್ರೆಯಿಂದ ತಾನೇ ಬಂದಿದ್ದು? ನೀವಾಗೇ ನಿಲ್ಲಿಸಬೇಡಿ, ಕಡಿಮೆ ಮಾಡೋದಿದ್ರೆ ಡಾಕ್ಟರೇ ಮಾಡ್ತಾರೆ.

ಪ್ರಶ್ನೆ ಕೇಳಿದವರು: ಸರ್, ಇವತ್ತು ಬೆಳಗ್ಗೆ ಕವಳಕ್ಕೆ ಮೊದಲು ನೋಡಿದ್ವಿ. 148/92.

ಉತ್ತರ: ಹಾಗಾದ್ರೆ ಕವಳದ ತಪ್ಪೊಂದೇ ಅಲ್ಲ. ಬೆಳಗ್ಗೆ ಎರಡು ಸಲ, ಸಂಜೆ ಎರಡು ಸಲ, ಒಂದು ವಾರ ಬರೆದಿಡಿ. ಆ ಚೀಟಿ, ಮಾತ್ರೆ ಸ್ಟ್ರಿಪ್ಪು ಹಿಡ್ಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ನಡುವೆ 180/120 ದಾಟಿ ಎದೆನೋವು, ಉಸಿರುಕಟ್ಟು ಬಂದ್ರೆ, ಅಥವಾ ಬಿಪಿ ಎಷ್ಟೇ ಇರಲಿ ಮಾತು ತೊದಲಿದ್ರೆ, ಬಾಯಿ ಸೊಟ್ಟಾದ್ರೆ, ವಾರ ಕಾಯಬೇಡಿ, 108ಕ್ಕೆ ಫೋನ್ ಮಾಡಿ.