ಹಸಿರು ಶಾಲು ಹೊದ್ದ ಬಾಂಡು

ಮಂಡ್ಯದ ಮೇಷ್ಟ್ರು:
ನಮಸ್ಕಾರ. ಮದ್ದೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ಹೋದ ವರ್ಷ ನಿವೃತ್ತನಾದೆ. ಗ್ರ್ಯಾಚುಟಿ ದುಡ್ಡು ಬ್ಯಾಂಕಿನಲ್ಲಿ ಸುಮ್ನೆ ಬಿದ್ದಿದೆ. ಮೊನ್ನೆ ಏಜೆಂಟ್ ಒಬ್ಬ ಬಂದು ಎರಡು ಕಾಗದ ಹರಡಿದ. ಒಂದು ಗ್ರೀನ್ ಬಾಂಡು, ಅಂದರೆ ಪರಿಸರದ ಕೆಲಸಕ್ಕೆ ಅಂತ ಎತ್ತುವ ಸಾಲದ ಪತ್ರ. ಇನ್ನೊಂದು ಇಎಸ್‌ಜಿ ಫಂಡು, ಪರಿಸರ, ಸಮಾಜ, ಆಡಳಿತ ಮೂರರಲ್ಲೂ ಒಳ್ಳೆಯವು ಅನ್ನುವ ಕಂಪನಿಗಳಲ್ಲಿ ದುಡ್ಡು ಹಾಕುವಂಥದ್ದು. ಎರಡಕ್ಕೂ ಎಲೆಯ ಚಿತ್ರ. "ಸಾರ್, ಬಡ್ಡೀನೂ ಬರುತ್ತೆ, ಪುಣ್ಯಾನೂ ಬರುತ್ತೆ" ಅಂದ.

ಫಂಡಿನ ಪಟ್ಟಿಯಲ್ಲಿ ಒಂದು ಕಂಪನಿಯ ಹೆಸರು ಕಣ್ಣಿಗೆ ಬಿತ್ತು. ಅದರ ಕಾರ್ಖಾನೆ ನಮ್ಮ ಗದ್ದೆಗಿಂತ ಮೇಲುಗಡೆ ಇದೆ. ಅಲ್ಲಿಂದ ಹಳ್ಳಕ್ಕೆ ಬರುವ ನೀರು ಆಲೆಮನೆ ಕೊಪ್ಪರಿಗೆ ತೊಳೆದ ನೀರಿನ ಬಣ್ಣ. ಎಮ್ಮೆ ಕೂಡ ಮೂತಿ ಇಡಲ್ಲ. ಅದಕ್ಕೆ ಒಳ್ಳೇ ರೇಟಿಂಗ್ ಅಂತೆ! ನಮ್ಮ ಕಡೆ ಎಲೆಕ್ಷನ್ ಬಂದರೆ ಎಲ್ಲರ ಹೆಗಲಿಗೂ ಹಸಿರು ಶಾಲು ಬರುತ್ತದೆ. ಇದೂ ಹಾಗೇನಾ?

ಸರಸ್ವತಿಪುರಂ ಅಮ್ಮ:
ಮೇಷ್ಟ್ರೇ, ನಾನು ಬ್ಯಾಂಕಿನಲ್ಲಿ ಇಪ್ಪತ್ತೆಂಟು ವರ್ಷ ಇದ್ದವಳು. ನಿಮ್ಮ ಅನುಮಾನ ಸರಿಯಾಗಿದೆ. ಎಂಎಸ್‌ಸಿಐ ಥರ ಕಂಪನಿಗಳಿಗೆ ಇಎಸ್‌ಜಿ ಅಂಕ ಕೊಡುವ ಸಂಸ್ಥೆಗಳ ರೇಟಿಂಗ್, ಕಂಪನಿ ಹಳ್ಳಕ್ಕೆ ಏನು ಮಾಡಿತು ಅಂತ ಅಳೆಯುವುದಿಲ್ಲ. ಹಳ್ಳದ ತಂಟೆಯಿಂದ ಕಂಪನಿಯ ಲಾಭಕ್ಕೆ ಎಷ್ಟು ಪೆಟ್ಟು ಬೀಳಬಹುದು ಅಂತ ನೋಡುತ್ತದೆ. ನಿಮ್ಮೂರಿನವರು ಸುಮ್ಮನಿದ್ದರೆ ಪೆಟ್ಟೇ ಇಲ್ಲ, ಅಲ್ವಾ?

ಇನ್ನೊಂದು. ಇಂಥ ಆರು ಸಂಸ್ಥೆಗಳ ಇಎಸ್‌ಜಿ ಅಂಕಗಳನ್ನು ಸಂಶೋಧಕರು ಹೋಲಿಸಿದಾಗ ಪರಸ್ಪರ ಹೊಂದಾಣಿಕೆ ಸರಾಸರಿ 0.54 ಬಂತು (1 ಅಂದರೆ ಪೂರ್ತಿ ಹೊಂದಾಣಿಕೆ). ಸಾಲದ ರೇಟಿಂಗಿನಲ್ಲಿ ಅದು 0.9 ದಾಟುತ್ತದೆ. ಒಂದೇ ಉತ್ತರಪತ್ರಿಕೆ, ಒಬ್ಬರು 80 ಕೊಟ್ಟರೆ ಇನ್ನೊಬ್ಬರು 40. 2015ರ ಸೆಪ್ಟೆಂಬರಿನಲ್ಲಿ ಡೌ ಜೋನ್ಸ್ ಸುಸ್ಥಿರತೆ ಸೂಚ್ಯಂಕ ಕಾರು ಕಂಪನಿಗಳಲ್ಲಿ ಫೋಕ್ಸ್‌ವ್ಯಾಗನ್‌ಗೆ ಮೊದಲ ಸ್ಥಾನ ಕೊಟ್ಟಿತು. ಅದೇ ತಿಂಗಳು ಆ ಕಂಪನಿ ಡೀಸೆಲ್ ಕಾರುಗಳ ಹೊಗೆ ಪರೀಕ್ಷೆಯಲ್ಲಿ ಮಾಡಿದ್ದ ಮೋಸ ಬಯಲಾಯಿತು!

ಪಾಂಡವಪುರದ ಕಬ್ಬುಗಾರ:
ಬಾಂಡಿನ ವಿಷಯ ನಾನು ಹೇಳ್ತೀನಿ ಸಾರ್. ಕೇಂದ್ರ ಸರ್ಕಾರದ್ದಾದರೆ ಭಯ ಬೇಡ. 2023ರ ಜನವರಿಯಲ್ಲಿ ಮೊದಲ ಕಂತು, 8,000 ಕೋಟಿ. ಹತ್ತು ವರ್ಷದ್ದಕ್ಕೆ 7.29 ಪರ್ಸೆಂಟ್, ಮಾಮೂಲಿ ಬಾಂಡಿಗಿಂತ ಕೂದಲೆಳೆಯಷ್ಟು ಕಡಿಮೆ. ಯೋಜನೆ ನಡೆದರೂ ನಿಂತರೂ ಬಡ್ಡಿ ಖಜಾನೆಯಿಂದ ಬರುತ್ತದೆ. 25 ಮೆಗಾವ್ಯಾಟ್ ಮೀರಿದ ಜಲವಿದ್ಯುತ್ತಿಗೆ ಆ ದುಡ್ಡು ಹೋಗಬಾರದು ಅಂತ ಅವರದೇ ನಿಯಮ. 1902ರಿಂದ ಕರೆಂಟು ಕೊಡುತ್ತಿರುವ ನಮ್ಮ ಶಿವನಸಮುದ್ರ 42 ಮೆಗಾವ್ಯಾಟ್, ಅದೂ ಪಾಸಾಗಲ್ಲ ನೋಡಿ!

ಕಂಪನಿ ಬಾಂಡಾದರೆ ಎಲೆ ನೋಡಬೇಡಿ. ದುಡ್ಡು ಯಾವುದಕ್ಕೆ ಅಂತ ಬರೆದಿರುವ ಪುಟ ಕೇಳಿ. ದುಡ್ಡು ಬೇರೆ ಕಡೆ ಹೋದರೆ ಹೂಡಿದವರಿಗೆ ತಿಳಿಸಬೇಕು, ಹೆಚ್ಚಿನವರು ಕೇಳಿದರೆ ಅವಧಿಗೆ ಮುಂಚೆ ವಾಪಸ್ ಕೊಡಬೇಕು. ಷೇರುಪೇಟೆಯ ನಿಯಂತ್ರಕ ಸೆಬಿ 2023ರಲ್ಲೇ ಹೇಳಿದೆ.

ಸರಸ್ವತಿಪುರಂ ಅಮ್ಮ:
ಆ ಕಾರ್ಖಾನೆಯ ಕಂಪನಿ ಷೇರುಪೇಟೆಯ ಮೊದಲ ಸಾವಿರ ದೊಡ್ಡ ಕಂಪನಿಗಳಲ್ಲಿದ್ದರೆ ಪ್ರತಿ ವರ್ಷ ಬಿಆರ್‌ಎಸ್‌ಆರ್, ಅಂದರೆ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ ಕೊಡಲೇಬೇಕು. ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಹೊರಬಿಟ್ಟ ನೀರಿನ ಕೋಷ್ಟಕ ಹುಡುಕಿ.

ಮಂಡ್ಯದ ಮೇಷ್ಟ್ರು:
ಮಗಳು ಹುಡುಕಿಕೊಟ್ಟಳು ಅಮ್ಮಾ. ಹಳ್ಳ, ಹೊಳೆಗೆ ಬಿಟ್ಟ ನೀರಿನ ಸಾಲಿನಲ್ಲಿ ಸೊನ್ನೆ ಅಂತಿದೆ. ಮೂವತ್ತು ವರ್ಷ ಸೊನ್ನೆ ಹಾಕಿದ ಕೈ ನನ್ನದು, ಇಂಥ ಸೊನ್ನೆ ನೋಡಿರಲಿಲ್ಲ. ಏಜೆಂಟಿಗೆ ಆಮೇಲೆ ಬಾ ಅಂದಿದ್ದೇನೆ. ನಾಳೆ ಹಳ್ಳದ ನೀರು ಎರಡು ಬಾಟಲಿ ತುಂಬಿಸಿಕೊಂಡು ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೆ ಹೋಗುತ್ತೇನೆ. ಕಬ್ಬುಗಾರರೇ, ಬಿಡುವಿದ್ದರೆ ಬನ್ನಿ, ಬಸ್‌ಸ್ಟ್ಯಾಂಡಿನಲ್ಲಿ ಸಿಗೋಣ.