ಸಹಾಯ ಬೇಕು: ಐರ್ಲೆಂಡಿನ ದಾಯಾದಿ ದೊರೆಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ಐರ್ಲೆಂಡಿನ ತಾರಾ ಪಟ್ಟಕ್ಕಾಗಿ (ತಾರಾ ಎಂಬ ಗುಡ್ಡದ ಹೆಸರಿನ, ದೊರೆಗಳಲ್ಲೇ ಹಿರಿಯ ದೊರೆಯ ಪಟ್ಟ) ನಡೆದ ಕಾದಾಟಗಳ ಕುರಿತು ಕನ್ನಡದಲ್ಲಿ ಲೇಖನವೊಂದನ್ನು ಬರೆಯುತ್ತಿದ್ದೇನೆ. ಎರಡು ಕಡೆ ಕೈ ನಿಂತಿದೆ.

ಅಲ್ಲಿ ಹಿರಿಯ ಮಗನಿಗೇ ಪಟ್ಟ ಎಂಬ ಕಟ್ಟಳೆ ಇರಲಿಲ್ಲ. ತಮ್ಮನೂ ಕೇಳಬಹುದು, ಅಣ್ಣನ ಮಗನೂ ಕೇಳಬಹುದು. ಒಬ್ಬ ಮುತ್ತಜ್ಜನ ಗಂಡು ಸಂತತಿಯ ಬಳಗಕ್ಕೆ ‘ಡೆರ್ವಿನೆ’ ಎಂದು ಹೆಸರು. ಇದನ್ನು ‘ದಾಯಾದಿಗಳು’ ಎಂದು ಬರೆದರೆ ಸರಿಯಾದೀತೆ? ನನಗಂತೂ ಅದೇ ಹಿಡಿಸಿದೆ. ಪಾಲಿನ ಹಕ್ಕೂ ಹಗೆಯೂ ಆ ಒಂದೇ ಮಾತಿನಲ್ಲಿವೆ.

ಫ್ಲಾನ್ ಸಿನ್ನಾನ ಮನೆಯನ್ನೇ ನೋಡಿ. 879ರಿಂದ 916ರವರೆಗೆ ಆಳಿದ ದೊರೆ ಅವನು. ಮುಪ್ಪಿನಲ್ಲಿ, 915ರಲ್ಲಿ, ಸ್ವಂತ ಮಕ್ಕಳೇ ತಿರುಗಿಬಿದ್ದರು. ಅವನ ನಂತರ ಪಟ್ಟ ಹೋದದ್ದು ಅದೇ ವಂಶದ ಉತ್ತರದ ಕವಲಿನ ನಿಯಲ್‌ಗೆ. ಆತ 919ರಲ್ಲಿ ಡಬ್ಲಿನ್ ಬಳಿ ನಾರ್ಸ್ (ವೈಕಿಂಗ್) ಜನರೊಡನೆ ಕಾದಾಡಿ ಸತ್ತ. ಆಗ ಗದ್ದುಗೆ ಏರಿದ ಫ್ಲಾನ್‌ನ ಮಗ ಡೊನ್ನಖದ್, ಅದೇ ವರ್ಷ ಏಡ್ ಎಂಬ ತನ್ನ ಸಹೋದರನ ಕಣ್ಣು ಕೀಳಿಸಿದ. ಅಂಗ ಊನವಾದವನು ಅರಸನಾಗುವಂತಿರಲಿಲ್ಲ. 921ರಲ್ಲಿ ಇನ್ನೊಬ್ಬ ಸಹೋದರನನ್ನು ಕೊಲ್ಲಿಸಿದ. ಇದನ್ನು ಬರೆಯುವಾಗ ಕೈ ನಡುಗಿತು.

ಎರಡನೆಯದು: ಕ್ಲಾನ್‌ಮ್ಯಾಕ್‌ನಾಯ್ಸ್‌ನ ಹಳೆಯ ಕ್ರೈಸ್ತ ಮಠದ ಕಲ್ಲಿನ ಶಿಲುಬೆಯಲ್ಲಿ ಫ್ಲಾನ್‌ಗಾಗಿ ಪ್ರಾರ್ಥಿಸಿರೆಂಬ ಸವೆದ ಬರಹವಿದೆ. ಮೂಲ ಶಿಲುಬೆ ಈಗ ಅಲ್ಲಿನ ವಸ್ತುಸಂಗ್ರಹದ ಒಳಗಿದೆ, ಹೊರಗಿರುವುದು ಪ್ರತಿಕೃತಿ. ಐರ್ಲೆಂಡಿನಲ್ಲಿರುವ ಕನ್ನಡಿಗರು ಯಾರಾದರೂ ಮೂಲದ ಬುಡದ ಅಕ್ಷರಗಳು ಕಾಣುವಂತೆ ಒಂದು ಚಿತ್ರ ತೆಗೆದು ಕಳುಹಿಸುವಿರಾ? ಗೇಲಿಕ್ (ಐರಿಷ್ ನುಡಿ) ಬಲ್ಲವರು ಮೇಲಿನ ಹೆಸರುಗಳ ಉಚ್ಚಾರವನ್ನೂ ತಿದ್ದಿದರೆ ದೊಡ್ಡ ಉಪಕಾರವಾಗುತ್ತದೆ.